ಅವ್ವನನ್ನು ಮೇಲಕ್ಕೆ ಕೂರಿಸಿದ ತಂತ್ರಾಂಶ

ಬೀರು ಒರೆಸುವಾಗ ಹಳೆಯ ಸೀರೆಗಳ ಸಂದಿಯಿಂದ ಒಂದು ಸೀಡಿ ಜಾರಿಬಿತ್ತು. ಮೇಲೆ ಮಾರ್ಕರಿನಲ್ಲಿ ನನ್ನದೇ ಕೋಳಿಕಾಲಿನ ಅಕ್ಷರ: ‘ಕರೆಯೋಲೆ, ಮೊದಲ ಆವೃತ್ತಿ’. ಎರಡನೆಯದು ಬರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ನಗಬೇಡಿ. ಎರಡು ಸಾವಿರದ ಐದಾರರ ಸುಮಾರಿಗೆ ಚಾಮರಾಜನಗರದ ಬಸ್ ಸ್ಟ್ಯಾಂಡ್ ಹಿಂದೆ ಗೆಳೆಯ ಇಲಿಯಾಸನ ಡಿಟಿಪಿ ಅಂಗಡಿಯಲ್ಲಿ ಕೂತು ನಾವಿಬ್ಬರೂ ಜಗತ್ತನ್ನು ಉದ್ಧಾರ ಮಾಡಲು ಹೊರಟಿದ್ದೆವು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಲಿನಕ್ಸ್ ಎಂಬ ಓಪನ್ ಸೋರ್ಸ್ ತಂತ್ರಾಂಶ ಹಾಕಿಕೊಂಡಿದ್ದೆವು. ಯಾರು ಬೇಕಾದರೂ ಬಿಚ್ಚಿ ತಿದ್ದಬಹುದು ಎಂಬುದೇ ನಮಗೆ ದೊಡ್ಡ ಅಮಲು. ನಮ್ಮೂರು ಉಮ್ಮತ್ತೂರಿನ ಬಸ್ಸು ಹತ್ತಿದೊಡನೆ ನನ್ನ ತಲೆಯಲ್ಲಿ ಹೊಸ ಐಡಿಯಾ ಹುಟ್ಟುತ್ತಿತ್ತು. ಕರೆಂಟು ಯಾವಾಗ ಹೋಗುತ್ತದೆಂದು ಮೊದಲೇ ಹೇಳುವ ತಂತ್ರಾಂಶ ಮಾಡೋಣವೆಂದೆ.

“ಕರೆಂಟು ಓದ್ಮೇಲೆ ಯಾವಾಗ ಬತ್ತದೆ ಅಂತ ಯಾರ್ಲಾ ಯೇಳೋರು? ಆಗ ಕಂಪ್ಯೂಟ್ರೂ ಮಲ್ಗಿರ್ತದೆ ಕಣ್ಲಾ!” ಎಂದ ಇಲಿಯಾಸ್.

ಕೊನೆಗೆ ಅವನ ಅನ್ನದ ದಾರಿಗೇ ತಿರುಗಿದೆವು: ಮದುವೆ ಕಾರ್ಡು. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ನೆಂಟರು ಅಂಗಡಿಯಲ್ಲೇ ಕೊರಳಪಟ್ಟಿ ಹಿಡಿದುಕೊಳ್ಳುತ್ತಿದ್ದರು. ಹೆಸರು, ವಯಸ್ಸು ಕೊಟ್ಟರೆ ಹಿರಿಯರಿಂದ ಕಿರಿಯರಿಗೆ ತಾನೇ ಜೋಡಿಸುವ ‘ಕರೆಯೋಲೆ’ ತಂತ್ರಾಂಶ ಬರೆದೆವು. ಕಂಪ್ಯೂಟರೇ ಹೇಳಿದ ಮೇಲೆ ತಕರಾರೇನು? ಒತ್ತಕ್ಷರಗಳು ಮಾತ್ರ ಕೆಳಗೆ ನಿಲ್ಲದೆ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದವು. ಅದನ್ನು ದೇವರಿಗೆ ಬಿಟ್ಟೆವು.

ಮೊದಲ ಗಿರಾಕಿ ನಾನೇ. ತಂಗಿಯ ಮದುವೆ. ಅಪ್ಪ ತೀರಿಕೊಂಡಿದ್ದರಿಂದ ಕರೆಯುವವರ ಜಾಗದಲ್ಲಿ ಹಂಗಳದ ಸೋದರಮಾವನ ಹೆಸರು ಬರಬೇಕು. ಗಂಡ ಸತ್ತ ಹೆಂಗಸು ಮಗಳ ಮದುವೆಗೆ ಜನ ಕರೆಯುವಂತಿಲ್ಲ ಎಂಬುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾನೂನು. ಹಾಗಾಗಿ ತಂತ್ರಾಂಶಕ್ಕೂ ಯಾರೂ ಹೇಳಿರಲಿಲ್ಲ. ನಾನು ಮನೆಯವರೆಲ್ಲರ ಹೆಸರು ತುಂಬಿದ್ದೆ; ಅವ್ವ ಮಾವನಿಗಿಂತ ದೊಡ್ಡವಳು. ಅವಳ ಹೆಸರು ಕರೆಯುವವರ ಸಾಲಿನ ತುತ್ತತುದಿಗೆ ಹೋಗಿ ಕೂತಿತು. ಸರಿಯಾಗಿ ನೋಡದೆ ಒಂದು ಪ್ರತಿಯನ್ನು ಹಂಗಳಕ್ಕೆ ಕಳಿಸಿಬಿಟ್ಟೆ.

ಮಾರನೆಯ ದಿನ ಮಾವ ಅವ್ವನನ್ನೂ ಎಳೆದುಕೊಂಡು ಅಂಗಡಿಗೇ ಬಂದರು. ಸೋದರಮಾವ ಕೈಹಿಡಿದು ಕರೆತರದೆ ಹುಡುಗಿ ಹಸೆಮಣೆ ಏರುವಂತಿಲ್ಲ. ಇವರು ಮುನಿಸಿಕೊಂಡರೆ ತಂಗಿಯ ಮದುವೆಯೇ ನಿಂತೀತು.

“ಈ ಕಾರ್ಡು ಅಂಚುದ್ರೆ ನಾನು ಮದ್ವೆಗೆ ಬರಾಕಿಲ್ಲ ಕಣ್ಲಾ! ಯಾವನ್ಲಾ ಇದ ಬರ್ದೋನು?”

ನಾನು ಇಲಿಯಾಸನ ಮುಖ ನೋಡಿದೆ. ಅವನು ತಣ್ಣಗೆ ಕುರ್ಚಿ ಎಳೆದುಹಾಕಿ, “ಇದು ಓಪನ್ ಸೋರ್ಸು ಮಾವ. ಯಾರ್ ಬೇಕಾದ್ರೂ ತಿದ್ದಬೌದು. ಈ ಗುಂಡಿ ಒತ್ತಿ, ಅವ್ವನ್ ಹೆಸ್ರು ಕೆಳಕ್ಕೋಯ್ತದೆ” ಎಂದ. ಮಾವ ಕೂತು ಬೆರಳು ಚಾಚಿದರು.

ಬಸ್ಸಿನುದ್ದಕ್ಕೂ ತಮ್ಮನ ಬೈಗುಳ ಕೇಳಿಕೊಂಡು ಬಂದಿದ್ದ ಅವ್ವ ಪರದೆಯ ಹತ್ತಿರ ಬಗ್ಗಿದಳು. ಅವಳಿಗೆ ಓದು ಬಾರದು.

“ಆ ಮ್ಯಾಲಿರದು ನನ್ನೆಸ್ರಾ?”

“ಹೂಂ ಕಣವ್ವ.”

“ಚೆಂದಾಗದೆ” ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಮಾವನ ಬೆರಳು ಗುಂಡಿಯ ಮೇಲೇ ನಿಂತಿತ್ತು. ಅಕ್ಕನನ್ನು ನೋಡಿದರು, ಸುಮ್ಮನೆ ಕೆಮ್ಮಿದರು, ಆಮೇಲೆ ಇಲಿಯಾಸನ ಮೇಲೆ ರೇಗಿದರು. “ಮ್ಯಾಲೇ ಇರ್ಲಿ ಬುಡ್ಲಾ. ಎತ್ತವ್ವ ಕರೀದೆ ಇನ್ಯಾರು ಕರ್ದಾರು? ಆದ್ರೆ ನನ್ನೆಸ್ರು ಒಸಿ ದಪ್ಪಕ್ ಬರ್ಲಿ.”

ದಪ್ಪಕ್ಕೇ ಬಂತು. ಮದುವೆಯ ದಿನ ತಂಗಿಯ ಕೈಹಿಡಿದು ಬರುವಾಗ ಮಾವನ ಜೇಬಿನಿಂದ ಆ ಕಾರ್ಡು ಎಲ್ಲರಿಗೂ ಕಾಣುವಂತೆ ಇಣುಕುತ್ತಿತ್ತು.

ಜಗತ್ತಿನಲ್ಲಿ ಮತ್ಯಾರೂ ಆ ತಂತ್ರಾಂಶ ಬಳಸಲಿಲ್ಲ. ಅದರ ಫಲ ಉಣ್ಣುತ್ತಿರುವವನು ನಾನೊಬ್ಬನೇ. ಈಗ ಯಾರೇ ಮದುವೆಗೆ ಕರೆಯಲು ಬರಲಿ, ಅವರು ಕೂತಿರುವಾಗಲೇ ಅವ್ವ ನನ್ನಿಂದ ಕಾರ್ಡು ಓದಿಸುತ್ತಾಳೆ. ಮೊನ್ನೆ ದೂರದ ನೆಂಟರೊಬ್ಬರು ಬಂದಿದ್ದರು. ಹುಡುಗಿಗೆ ಅಪ್ಪನಿಲ್ಲ; ತಾಯಿ ಇದ್ದರೂ ಕಾರ್ಡಿನಲ್ಲಿ ಅವಳ ಹೆಸರಿಲ್ಲ. ನಾನು ಓದಿ ಮುಗಿಸಿದ ಮೇಲೆ ಅವ್ವ ಕಾರ್ಡನ್ನು ತೆಗೆದುಕೊಂಡು ಅವರ ಕೈಗೇ ವಾಪಸಿಟ್ಟಳು.

“ಅವ್ರವ್ವ ಕರ್ದೇ ಇಲ್ವಲ್ಲಪ್ಪ. ಅವ್ಳು ಕರೀಲಿ, ಬತ್ತೀನಿ.”