ಕವರ್ ಬೇಕೆ?

ನಮ್ಮ ಅಡುಗೆಮನೆಯ ಸಿಂಕಿನ ಕೆಳಗೆ ಒಂದು ಕವರಿದೆ. ಅದರ ತುಂಬ ಕವರುಗಳಿವೆ. ಬಾಗಿಲಿನ ತೋರಣ ಕಳಚಿದರೂ ಇದು ಕನ್ನಡಿಗರ ಮನೆಯೆಂದು ಹೇಳಲು ಇಷ್ಟು ಸಾಕು. ಅಂಗಡಿಯವರು ಸುಮ್ಮನೆ ಚೀಲ ಕೊಡುವುದನ್ನು ನಿಲ್ಲಿಸಿದ ಈ ಸಿಯಾಟಲ್ ಸೀಮೆಯಲ್ಲಿ ನನ್ನ ಜೇಬಿನಲ್ಲೂ ಸದಾ ಒಂದು ಮಡಚಿಕೊಂಡಿರುತ್ತದೆ. ಇಂಗ್ಲಿಷಿನವರು ದಿಂಬಿಗೆ ಹೊದಿಸಿದ ಪದವನ್ನು ನಾವು ಬೆಂಗಳೂರಿನಲ್ಲಿ ತೊಗರಿಬೇಳೆ ತುಂಬಿಸಿ ಚೀಲವಾಗಿಸಿಕೊಂಡೆವಷ್ಟೆ.

ಆ ಪದ ಮೊನ್ನೆ ನಮ್ಮ ಊಟದ ಮೇಜಿನ ಮೇಲೆ ಎಡವಿತು. ಮಗಳು ಇಳಾ ಓದುವ ಕಾಲೇಜನ್ನು ನಡೆಸುವುದೊಂದು ಧಾರ್ಮಿಕ ಸಂಸ್ಥೆ. ವಿದ್ಯಾರ್ಥಿಗಳ ಆರೋಗ್ಯವಿಮೆಯಲ್ಲಿ ಗರ್ಭನಿರೋಧಕ ಮಾತ್ರೆ ಸೇರಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿ ಎದ್ದಿತ್ತು. ಮರುದಿನದ ಸಭೆಯಲ್ಲಿ ಇಳಾ ಮಾತನಾಡುವವಳಿದ್ದಳು. ಮೈಸೂರಿನಿಂದ ಬಂದಿದ್ದ ನನ್ನ ಅಕ್ಕನೊಡನೆ ಮಾತ್ರ ಅವಳದು ಕನ್ನಡ.

“ಮಾತ್ರೆ ಕವರ್ ಆಗಲ್ವಂತೆ ಅತ್ತೆ.”

“ಅದಕ್ಯಾಕೆ ಸಭೆ? ಸಿಂಕ್ ಕೆಳಗೆ ರಾಶಿ ಇದೆಯಲ್ಲೇ, ಒಂದು ತಗೊಂಡು ಹೋಗು.”

ವಿಮೆಯವರು ಖರ್ಚು ಭರಿಸುವುದಕ್ಕೂ ಕವರ್ ಎನ್ನುತ್ತಾರೆಂದು ನಕ್ಕು, ವಿವರಿಸಿದ್ದಾಯಿತು. ಅಕ್ಕ ಪೆದ್ದಿಯಲ್ಲ. “ಹಾಗಾದ್ರೆ ಮುಟ್ಟಿನ ಹೊಟ್ಟೆನೋವಿಗೆ ಅನ್ನು. ಯಾರೂ ಏನೂ ಅನ್ನಲ್ಲ.”

“ಹೊಟ್ಟೆನೋವು ಇಲ್ವಲ್ಲ.”

“ಇಲ್ದಿದ್ರೆ ಬರಿಸ್ಕೋ!”

ಇಳಾ ನನ್ನತ್ತ ತಿರುಗಿದಳು. “ಅಪ್ಪಾ, ಯು ಟೆಲ್ ಮಿ.”

ನಾನು ಗಂಟಲು ಸರಿಪಡಿಸಿಕೊಂಡು, ಮಾತ್ರೆಯೆಂದರೆ ಛಂದಸ್ಸಿನಲ್ಲಿ ಕಾಲದ ಅಳತೆ, ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಶುರುಮಾಡಿದೆ.

“ಅಪ್ಪಾ, ದಿಸ್ ಈಸ್ ಆಲ್ಸೋ ಎ ಕವರ್.”

ಸಾರು ಆರಿತು. ಅವಳು ಕೇಳುತ್ತಿದ್ದುದೂ ಕವರ್, ಮುಚ್ಚಿಡಲೆಂದು ನಾವಿಬ್ಬರೂ ಧಾರಾಳವಾಗಿ ನೀಡಹೊರಟಿದ್ದುದೂ ಕವರ್. ವಿಮೆಯವರಿಗಿಂತ ನಾವೇ ಉದಾರಿಗಳು.

ಸಭೆಯಲ್ಲಿ ನಾನು ಕೊನೆಯ ಸಾಲಿನಲ್ಲಿದ್ದೆ. ನಂಬುವವರ ಹಣದಿಂದ ನಂಬಿಕೆಗೆ ವಿರುದ್ಧವಾದದ್ದನ್ನು ಕೊಳ್ಳಬಾರದೆಂದು ಒಬ್ಬ ಹುಡುಗಿ ವಾದಿಸಿದಳು. ಅವಳ ದನಿಯಲ್ಲಿ ಕಪಟವಿರಲಿಲ್ಲ. ಆಮೇಲೆ ಇಳಾ ಎದ್ದು, ತನಗೆ ಯಾವ ನೋವೂ ಇಲ್ಲ, ಈಗ ಮಗು ಬೇಡ, ಕಾರಣ ಇಷ್ಟೇ ಎಂದಳು. ಸಭೆ ಸ್ತಬ್ಧವಾಯಿತೆಂದು ಬರೆಯಲು ಆಸೆ. ಆದರೆ ಯಾರೋ ಚಿಪ್ಸ್ ಕುರುಕುತ್ತಿದ್ದ ಸದ್ದೂ ನೆನಪಿದೆ, ಎರಡರಲ್ಲಿ ಒಂದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ತೀರ್ಮಾನವನ್ನಂತೂ ಅವರು ಮುಂದಕ್ಕೆ ಹಾಕಿದರು.

ನಮ್ಮ ಮನೆಯಿರುವ ಶೋರ್‌ಲೈನಿಗೆ ಮರಳುವಾಗ, ಸದ್ಯಕ್ಕೆ ಕೈಯಿಂದಲೇ ಹಣ ಕೊಡೋಣವೆಂದು ಔಷಧದಂಗಡಿಯಲ್ಲಿ ನಿಂತೆವು. ಮಾತ್ರೆಯ ಡಬ್ಬಿ ನೀಡುತ್ತ ಗಲ್ಲಾದಲ್ಲಿದ್ದಾಕೆ ಬ್ಯಾಗ್ ಬೇಕೆ ಎಂದಳು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ನಾನೇ ಹಿಂದೆಗೆದೆನೆಂದು ನನ್ನ ನೆನಪು. ತಾನು ದುರುಗುಟ್ಟಿ ನೋಡಿದ್ದಕ್ಕೆಂದು ಇಳಾ ಹೇಳುತ್ತಾಳೆ. ಅವಳು ಡಬ್ಬಿಯನ್ನು ಕೈಯಲ್ಲೇ ಹಿಡಿದು ಕಾರಿನತ್ತ ನಡೆದದ್ದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಮನೆಯಲ್ಲಿ ಅದು ಉಪ್ಪಿನಕಾಯಿ ಜಾಡಿಯ ಪಕ್ಕ ಕುಳಿತಿತು. ಅಕ್ಕ ತಟ್ಟೆ ಹಾಕುತ್ತ ಅದನ್ನು ಕಂಡಳು, ತುಸು ಹೊತ್ತು ನೋಡಿದಳು, ಸರಿಸಿ ಬಚ್ಚಿಡುತ್ತಾಳೆಂದುಕೊಂಡೆ.

“ಇದು ಊಟಕ್ಕೆ ಮುಂಚೇನೋ, ಆದ್ಮೇಲೋ?” ಎಂದಳು.

ನಾನು ಜೇಬಿನ ಕವರನ್ನು ತೆಗೆದು, ಸಿಂಕಿನ ಕೆಳಗಿನ ಅದರ ಬಳಗಕ್ಕೆ ಸೇರಿಸಿ ಬಂದೆ.