ಕಪ್ಪು ಪಟ್ಟಿಯ ಕ್ಯಾಮೆರಾ

ನಮ್ಮ ಸ್ಟುಡಿಯೋದಲ್ಲಿ ಎರಡು ಬಗೆಯ ಕ್ಯಾಮೆರಾಗಳಿದ್ದವು. ಕೆಂಪು ಪಟ್ಟಿಯವು ಮದುವೆಗೆ, ಕಪ್ಪು ಪಟ್ಟಿಯದು ಸಾವಿಗೆ. ಕೊಟ್ಟೂರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮದುವೆ ಗೊತ್ತುಮಾಡಿಕೊಂಡು ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ, "ಬ್ಯಾರೆ ಕ್ಯಾಮೆರಾ ಐತಿ ಹೌದಲ್ರಿ?" ಎಂದು ಕೇಳುತ್ತಾರೆ. ಯಾವುದರಿಂದ ಬೇರೆ ಎಂದು ಬಾಯಿ ಬಿಡುವುದಿಲ್ಲ. ಮಾಲೀಕರು ಗಾಜಿನ ಕಪಾಟಿನ ಕಡೆ ಕೈ ತೋರಿಸುತ್ತಿದ್ದರು. ಅಲ್ಲಿ ಕೆಂಪು ಪಟ್ಟಿಯವು ಕುಂಕುಮ ಹಚ್ಚಿಸಿಕೊಂಡು ಕುಳಿತಿರುತ್ತಿದ್ದವು. ಕಪ್ಪು ಪಟ್ಟಿಯದು ಹಿಂದಿನ ಕೋಣೆಯಲ್ಲಿ, ಬಚ್ಚಲ ಬಾಗಿಲ ಪಕ್ಕದ ಮೊಳೆಗೆ, ಗೋಣಿ ಬಣ್ಣದ ಚೀಲದಲ್ಲಿ ತೂಗುತ್ತಿತ್ತು. ಅದನ್ನು ಮುಟ್ಟುವವನು ನಾನೊಬ್ಬನೇ.

ಉಜ್ಜಿನಿಯಿಂದ, ಕೋಗಳಿಯಿಂದ, ನೀಲಗುಂದದಿಂದ, ಕೂಡ್ಲಿಗಿ ಕಡೆಯ ಹಟ್ಟಿಗಳಿಂದ ಫೋನ್ ಬಂದರೆ ನಾನು ಬೈಕು ಹತ್ತುತ್ತಿದ್ದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ; ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಬಳಿದು, ಹಾರ ಹಾಕುತ್ತಾರೆ. ಸುತ್ತ ಮನೆಯವರು ನಿಲ್ಲುತ್ತಾರೆ. ಅಲುಗಾಡಬೇಡಿ ಎಂದು ನಾನು ಬದುಕಿದ್ದವರಿಗೇ ಹೇಳಬೇಕು. ಊರಲ್ಲಿ ನನಗೆ 'ಹೆಣದ ಫೋಟೋದವ' ಎಂಬ ಹೆಸರು ಬಿದ್ದು ಬಹಳ ಕಾಲವಾಗಿತ್ತು. ಚಹಾದಂಗಡಿಗೆ ಹೋದರೆ ಯಾರಾದರೂ ಒಬ್ಬ ಮುಖ ಮುಚ್ಚಿಕೊಂಡು, "ಈ ಕಡಿ ನೋಡಬ್ಯಾಡಲೇ, ನಾನಿನ್ನೂ ಗಟ್ಟಿ ಅದೀನಿ" ಎನ್ನುತ್ತಿದ್ದ. ಉಳಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ಮದುವೆ, ಒಂದೇ ಒಂದು ಮದುವೆ ತೆಗೆದು, ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ ನನ್ನ ಹೆಸರು ಬಂದರೆ ಈ ಹೆಸರು ಕಳಚುತ್ತದೆ ಎಂದುಕೊಂಡಿದ್ದೆ.

ಆ ಮದುವೆ ಸಿಕ್ಕಿತು. ಅದಿರಿನ ಲಾರಿಗಳಿದ್ದ ಮನೆತನ. ಮಗಳ ಮದುವೆಯನ್ನು ಜೈಪುರದ ಹತ್ತಿರ ಒಂದು ಕೋಟೆಯಂಥ ಹೋಟೆಲಿನಲ್ಲಿ ಇಟ್ಟುಕೊಂಡಿದ್ದರು. ಎಲ್ಲರೂ ವಿಮಾನದಲ್ಲಿ ಹೋಗುವುದು. ಮಾಲೀಕರ ಜೊತೆ ಯಾವಾಗಲೂ ಹೋಗುವ ಇನ್ನೊಬ್ಬ ಫೋಟೋಗ್ರಾಫರನಿಗೆ ಕಾಮಾಲೆ ಹತ್ತಿತು. ಬೇರೆ ಯಾರೂ ಸಿಗಲಿಲ್ಲ. ನಾನು ಸಿಕ್ಕೆ.

ಹೊರಡುವ ಹಿಂದಿನ ದಿನ ಕೆಂಪು ಪಟ್ಟಿಯ ಎರಡನೆಯ ಕ್ಯಾಮೆರಾದ ಶಟರ್ ಹಿಡಿದುಕೊಂಡಿತು. ದಾವಣಗೆರೆಗೆ ಕೊಟ್ಟು ರಿಪೇರಿ ಮಾಡಿಸಲು ಹೊತ್ತಿರಲಿಲ್ಲ. ಮಾಲೀಕರು ಬಚ್ಚಲ ಬಾಗಿಲ ಕಡೆ ನೋಡಿದರು. ನಾನೂ ನೋಡಿದೆ. ಮಾತು ಆಡಿದವರು ಅವರ ಹೆಂಡತಿ: "ಪಟ್ಟಿ ಬದ್ಲಿ ಮಾಡ್ರಿ. ನಾ ಶುದ್ಧ ಮಾಡಿ ಕೊಡ್ತೀನಿ."

ಅವರು ಶುದ್ಧ ಮಾಡಿದ್ದು ಹೀಗೆ. ಕಪ್ಪು ಪಟ್ಟಿ ಕತ್ತರಿಸಿ ಒಲೆಗೆ ಹಾಕಿದರು. ಲೋಬಾನದ ಹೊಗೆ ಹಿಡಿದರು. ಅರಿಷಿಣದ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಗುಂಡಿ ಗುಂಡಿಯ ಸಂದಿಯನ್ನೂ ಒರೆಸಿದರು. ಲಿಂಬೆಹಣ್ಣು ಇಳಿಸಿ ಬೀದಿಗೆ ಎಸೆದರು. ಹೊಸ ಕೆಂಪು ಪಟ್ಟಿ ಕಟ್ಟಿದರು. ನಾವಿಬ್ಬರೂ ಚಪ್ಪಲಿ ಬಿಟ್ಟು ನಿಂತು ನೋಡಿದೆವು. ಆ ಕ್ಯಾಮೆರಾದಲ್ಲಿ ಕಾರ್ಡು ಹಾಕುವ ಜಾಗ ಎರಡಿವೆ. ಒಂದು ತುಂಬಿದರೆ ಇನ್ನೊಂದಕ್ಕೆ ಹೋಗಲಿ ಎಂದು. ಮೊದಲನೆಯದಕ್ಕೆ ಹೊಸ ಕಾರ್ಡು ಬಂತು. ಎರಡನೆಯದರಲ್ಲಿ ಹಳೆಯದು ಹಾಗೇ ಉಳಿಯಿತು. ಹೊಗೆ ಒಳಗಿನವರೆಗೂ ಹೋಗಿದೆ ಎಂದು ನಾವು ನಂಬಿದ್ದೆವೋ ಏನೋ. ಕಾರ್ಡು ಹಾಕಿದ್ದು ನಾನು ಎಂದು ಮಾಲೀಕರು ಇವತ್ತಿಗೂ ಹೇಳುತ್ತಾರೆ. ಅವರ ದಪ್ಪ ಹೆಬ್ಬೆರಳು ಆ ಸಣ್ಣ ಬಾಗಿಲನ್ನು ಒತ್ತಿ ಮುಚ್ಚಿದ್ದು ನನಗೆ ಕಾಣುತ್ತದೆ. ಆದರೆ ನನಗೆ ಅನುಕೂಲವಾದ ನೆನಪು ಇಷ್ಟು ಸ್ಪಷ್ಟವಾಗಿ ಕಂಡಾಗ ನಾನು ಅದನ್ನು ನಂಬುವುದಿಲ್ಲ. ಎರಡನ್ನೂ ಬರೆದಿದ್ದೇನೆ, ಯಾವುದಾದರೂ ಇಟ್ಟುಕೊಳ್ಳಿ.

ವಿಮಾನ ನಿಲ್ದಾಣ. ಕ್ಯಾಮೆರಾ, ಲೆನ್ಸು, ಬ್ಯಾಟರಿ ಯಾವುದನ್ನೂ ದೊಡ್ಡ ಲಗೇಜಿಗೆ ಹಾಕಬಾರದು, ಕೈಚೀಲದಲ್ಲೇ ಒಯ್ಯಬೇಕು ಎಂದು ಮಾಲೀಕರು ಯಾರಿಂದಲೋ ತಿಳಿದುಕೊಂಡಿದ್ದರು. ಕೈಚೀಲ ತೂಗಿದರೆ ಭಾರ ಹೆಚ್ಚು. ಅವರು ನನ್ನನ್ನು ಕಂಬದ ಮರೆಗೆ ಕರೆದು, ತಮ್ಮ ಜಾಕೆಟ್ ನನಗೆ ತೊಡಿಸಿ, ಒಳಜೇಬಿನಲ್ಲಿ ಉದ್ದದ ಲೆನ್ಸನ್ನೂ ಹೊರಜೇಬುಗಳಲ್ಲಿ ಗಿಡ್ಡವನ್ನೂ ತುರುಕಿದರು. ಹೊಟ್ಟೆ ಮುಂದೆ ಬಂತು. ಮದುಮಗಳ ಸೋದರಮಾವ ಬಂದು ಅದನ್ನು ತಟ್ಟಿದ.

"ಎಷ್ಟು ತಿಂಗಳಲೇ?"

ಮದುಮಗಳೂ ನಕ್ಕಳು. ಅವಳು ನನ್ನ ಕಡೆ ನೋಡಿ ನಕ್ಕದ್ದು ಅದೊಂದೇ ಸಲ.

ಭದ್ರತಾ ತಪಾಸಣೆಯ ಸಾಲಿನಲ್ಲಿ ಮಾಲೀಕರು ನನಗಿಂತ ಮುಂದೆ. ನನ್ನ ಹಿಂದೆ ಮದುಮಗಳ ತಾಯಿ, ಆಮೇಲೆ ಮದುಮಗಳು, ಆಮೇಲೆ ಗಾಲಿಕುರ್ಚಿಯಲ್ಲಿ ಅಜ್ಜಿ. ತಾಯಿಗೆ ಅತ್ತೆ ಆಕೆ. ಗಂಡನ ಕಾಲದಲ್ಲಿ ಲಾರಿಗಳನ್ನು ನಡೆಸಿದ್ದು ಆಕೆಯೇ ಎನ್ನುತ್ತಿದ್ದರು. ನಾನು ಜೇಬುಗಳನ್ನು ಖಾಲಿ ಮಾಡುತ್ತ ಹೋದೆ. ಒಂದು ಟ್ರೇಗೆ ಲೆನ್ಸು, ಒಂದಕ್ಕೆ ಬ್ಯಾಟರಿ, ಒಂದಕ್ಕೆ ಕ್ಯಾಮೆರಾ. ಯಂತ್ರದ ಆಚೆ ನಿಂತಿದ್ದ ಭದ್ರತಾ ಪಡೆಯ ಜವಾನ ಕ್ಯಾಮೆರಾ ಎತ್ತಿ ನನಗೆ ಕೊಟ್ಟು, ಹಚ್ಚಿ ತೋರಿಸು ಎಂದು ಹಿಂದಿಯಲ್ಲಿ ಹೇಳಿದ. ಹಚ್ಚಿದೆ. ಪರದೆ ಬೆಳಗಿತು. ಫೋಟೋ ತೋರಿಸುವ ಗುಂಡಿಯನ್ನು ಅವನು ಒತ್ತಿದನೋ ನಾನು ಒತ್ತಿದೆನೋ. ಹೊಸ ಕಾರ್ಡು ಖಾಲಿ ಇದ್ದದ್ದರಿಂದ ಕ್ಯಾಮೆರಾ ಹಳೆಯದಕ್ಕೆ ಹೋಯಿತು.

ಉಜ್ಜಿನಿ ಹತ್ತಿರದ ಒಬ್ಬ ಹಿರಿಯರು. ಗೋಡೆಗೆ ಕುಳಿತಿದ್ದರು. ಹಣೆ ತುಂಬ ವಿಭೂತಿ, ಗಲ್ಲ ಬೀಳದಂತೆ ತಲೆಗೆ ಸುತ್ತಿದ ಬಿಳಿ ಬಟ್ಟೆ, ಬಾಯಲ್ಲಿ ಎಲೆಯಡಿಕೆ.

ನಿದ್ದೆ ಹೋಗಿದ್ದಾನೆಯೇ ಎಂದು ಜವಾನ ಕೇಳಿದ.

"ನಹೀ ಸಾಬ್," ಎಂದೆ. ಹಿಂದಿ ಅಲ್ಲಿಗೆ ಮುಗಿಯಿತು. "ತೀರಿಕೊಂಡಾರ."

ಅವನಿಗೆ ಅರ್ಥವಾಗಲಿಲ್ಲ. ನಾನು ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ ತೋರಿಸಿದೆ. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಮುಂದಿನ ಫೋಟೋ ಒತ್ತಿದ. ಅದರ ಮುಂದಿನದು. ಒಬ್ಬ ಮುದುಕಿ. ಒಬ್ಬ ಹುಡುಗಿ. ಸುತ್ತಿ ಮತ್ತೆ ಆ ಹಿರಿಯರು. ಜವಾನರಿಬ್ಬರೂ ತಲೆ ಕೂಡಿಸಿ ನೋಡುತ್ತ ನನ್ನತ್ತ ಕತ್ತು ಓರೆ ಮಾಡಿ ನಕ್ಕರು. ನಾನು ಈಗತಾನೇ ಮಾಡಿ ತೋರಿಸಿದ್ದನ್ನೇ ಮಾಡಿದರು.

ನಾನು ತಿರುಗುವಷ್ಟರಲ್ಲಿ ತಾಯಿ ನನ್ನ ಹೆಗಲ ಮೇಲಿಂದ ಪರದೆಯನ್ನು ನೋಡುತ್ತಿದ್ದರು.

"ಅಣ್ಣಾರ," ಎಂದು ಮಾಲೀಕರನ್ನು ಕರೆದರು. ದನಿ ಏರಲಿಲ್ಲ. "ಇದು ಆ ಕ್ಯಾಮೆರಾನ ಹೌದಲ್ರಿ?"

ಮಾಲೀಕರು ಬೆಲ್ಟ್ ಹಾಕಿಕೊಳ್ಳುತ್ತಿದ್ದರು. "ಯಾವ್ದ್ರಿ ಅಕ್ಕಾರ?"

"ಹೆಣದ್ದು."

ಮಾಲೀಕರು ಬಂದು ನೋಡಿದರು. ಬೆಲ್ಟಿನ ತುದಿ ಕೈಯಲ್ಲೇ ಇತ್ತು. "ಇವಂದ್ರಿ ಇದು. ನಂದಲ್ಲ. ನನಗ ಗೊತ್ತಿಲ್ದಂಗ ತಂದಾನ." ಆಮೇಲೆ ನನಗೆ, "ಮನಿ ಹಾಳ, ಮದ್ವಿ ಐತಿ ಅನ್ನೋ ಖಬರಾದ್ರೂ ಬ್ಯಾಡೇನಲೇ?"

ಅವರು ಬೆಲ್ಟು ಎತ್ತಿದ್ದರು ಎಂದು ನಾನು ಕೆಲವರಿಗೆ ಹೇಳಿದ್ದೇನೆ. ಎತ್ತಿರಲಿಲ್ಲ. ಎತ್ತಿದ್ದರೆ ಜನ ನನ್ನ ಪಕ್ಷ ಹಿಡಿಯುತ್ತಾರೆ ಎಂದು ಸೇರಿಸಿದ್ದು. ಅವರು ಸುಮ್ಮನೆ ನನ್ನನ್ನು ಬಿಟ್ಟು ಎರಡು ಹೆಜ್ಜೆ ಆಚೆ ಹೋಗಿ ನಿಂತರು, ಅಷ್ಟೇ.

"ಅಮ್ಮ, ಇವ್ನ ಮೈಯಿಂದ ವಾಸ್ನಿ ಬರಾಕತ್ತೈತಿ," ಎಂದಳು ಮದುಮಗಳು. ಆ ಜಾಕೆಟ್ ಮಾಲೀಕರದು. ವಾಸನೆ ಅವರ ಸೆಂಟಿನದು.

"ಇವ್ನ ಇಲ್ಲಿಂದ್ಲೇ ವಾಪಸ್ ಕಳಸ್ರಿ," ಎಂದರು ತಾಯಿ.

ಆಗ ಗಾಲಿಕುರ್ಚಿಯಿಂದ ಅಜ್ಜಿ ಕೈ ಚಾಚಿದರು. "ತಾ ಇಲ್ಲಿ. ನೋಡೋಣು."

ಯಾರೂ ಕೊಡಲಿಲ್ಲ. ನಾನೇ ಕೊಟ್ಟೆ. ಅಜ್ಜಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಯಾರ ಮನ್ಯಾವನಲೇ ಇವ? ಚೊಲೋ ಕುಂತಾನ." ಸೊಸೆಯ ಕಡೆ ತಿರುಗಿದರು. "ನೀ ನನ್ನ ಹಿಂಗ ನೆಟ್ಟಗ ಕುಂದ್ರಸ್ತೀಯೇನ? ಮೂಲ್ಯಾಗ ಒರಗಿಸಿ ಸೀರಿ ಉಡಾಕ ಹೊಕ್ಕಿ."

"ಅತ್ತಿ, ಮಂದಿ ನೋಡಾಕತ್ತಾರ."

"ನೋಡ್ಲಿ. ಇವ ಬರ್ಲಿ. ನಂದು ತಗೀಲಿ."

ತಾಯಿ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಾಯಿಯ ಆ ಮುಖ ನನಗೆ ಪರಿಚಯದ್ದು. ಮನೆಯಲ್ಲಿ ಯಾರೋ ಬಹಳ ದಿನ ಹಾಸಿಗೆ ಹಿಡಿದಿರುವಾಗ, ಜನ ಬಾಗಿಲಲ್ಲಿ ನನ್ನ ನಂಬರು ಕೇಳಿ ಇಟ್ಟುಕೊಳ್ಳುವಾಗಿನ ಮುಖ. "ಆತು," ಎಂದರು. "ಬರ್ಲಿ. ಅತ್ತೀದು ತಗೀಲಿ. ಹೆಂಗೂ ಒಂದು ಚೊಲೋದು ಬೇಕಾಗೇ ಬೇಕಾಗತೈತಿ. ಬ್ಯಾರೆ ಯಾರ ಕಡಿಗೂ ಆ ಕ್ಯಾಮೆರಾ ತಿರುಗ್ಸಂಗಿಲ್ಲ."

ಅಜ್ಜಿಗೆ ಅದು ಪೂರ್ತಿ ಕೇಳಿಸಿತು. ಎಲ್ಲರಿಗೂ ಕೇಳಿಸಿತು.

ಹಾಗೆ ನಾನು ಮದುವೆಗೆ ಹೋದೆ. ಕೋಟೆಯಂಥ ಹೋಟೆಲಿನಲ್ಲಿ ಮಾಲೀಕರು ಅರಿಷಿಣ, ಮೆಹಂದಿ, ಕುಣಿತ ಎಲ್ಲ ತೆಗೆದರು. ನಾನು ಅಜ್ಜಿಯ ಎದುರು ನಿಂತಿರುತ್ತಿದ್ದೆ. ಅವರಿಗೆ ಅದು ಖುಷಿ ಕೊಟ್ಟಿತು ಎಂದರೆ ಸುಳ್ಳು. ಅವರಿಗೆ ಅದು ಆಯುಧ ಕೊಟ್ಟಿತು. ಸೊಸೆ ಬೀಗಿತಿಯರ ನಡುವೆ ನಗುತ್ತ ನಿಂತಿದ್ದರೆ ದೂರದಿಂದ ಕೂಗುವರು: "ಲೇ, ಆಕೀದು ಒಂದು ತಗಿ. ಪಾಪ, ಆಕೀಗೂ ಬೇಕಾಗತೈತಿ." ನಾನು ಕ್ಯಾಮೆರಾ ಎತ್ತುವ ಮೊದಲೇ ಸೊಸೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುವರು. ಗಂಡಿನ ಕಡೆಯವರು ದಾವಣಗೆರೆಯವರು, ಅವರಿಗೆ ಏನೂ ಗೊತ್ತಿರಲಿಲ್ಲ, ನಾಚಿಕೆ ಎಂದುಕೊಂಡರು. ಊಟದ ಪಂಕ್ತಿಯಲ್ಲಿ ಸೋದರಮಾವನ ಮೇಲೂ ಅದೇ ಪ್ರಯೋಗವಾಯಿತು. ಅವನು ಬಾಯಲ್ಲಿದ್ದ ಲಾಡು ಉಗುಳಿ ಎದ್ದ. ನನ್ನ ಹೊಟ್ಟೆ ತಟ್ಟಿದವನು ಎಂದು ನಾನು ಗುರಿ ಸರಿಯಾಗಿ ಹಿಡಿದೆ, ಒತ್ತಲಿಲ್ಲ.

ಧಾರೆ ಮುಗಿದ ಮೇಲೆ ಅಜ್ಜಿ ವೇದಿಕೆಗೆ ಕುರ್ಚಿ ತರಿಸಿ ಮದುಮಕ್ಕಳ ನಡುವೆ ಕುಳಿತರು. ಮಾಲೀಕರು ಮುಂದೆ ಬಂದರೆ ಕೈಯಿಂದ ಸರಿಸಿದರು. "ನೀ ಅಲ್ಲ. ಅವ."

ಗಂಡಿನ ತಾಯ್ತಂದೆ ಪಕ್ಕದಲ್ಲೇ ನಿಂತಿದ್ದರು. ಅವರ ಎದುರು ಮದುಮಗಳ ತಾಯಿ ಬೇಡ ಎನ್ನುವಂತಿರಲಿಲ್ಲ. ನಾನು ಮೆಟ್ಟಿಲು ಹತ್ತಿದೆ. ಬೆಳಕು ಅಜ್ಜಿಯ ಎಡಗೆನ್ನೆಗೆ ಬೀಳುತ್ತಿತ್ತು. ಮದುಮಗ ಹಲ್ಲು ಬಿಟ್ಟು ನೋಡುತ್ತಿದ್ದ, ಪಾಪದವನು. ಮದುಮಗಳು ನಾನು ಕ್ಯಾಮೆರಾ ಎತ್ತಿದ ಕೂಡಲೇ ಕಣ್ಣು ಮುಚ್ಚಿದಳು. ಬಿಗಿಯಾಗಿ, ರೆಪ್ಪೆ ನಡುಗುವಷ್ಟು.

"ಕಣ್ಣು ತಗೀರಿ ಅಕ್ಕಾರ."

"ಅದನ್ನ ಇಳಸು. ಆಮ್ಯಾಲ ತಗೀತೀನಿ."

ಇಳಿಸಿದೆ. ತೆರೆದಳು. ಎತ್ತಿದೆ. ಮುಚ್ಚಿದಳು. ಮತ್ತೆ ಇಳಿಸಿದೆ. ಕೆಳಗೆ ನಿಂತಿದ್ದ ಹುಡುಗಿಯರು ಇದೊಂದು ಆಟವೆಂದು ನಗತೊಡಗಿದರು. ಅಜ್ಜಿ ಮಾತ್ರ ರೆಪ್ಪೆ ಬಡಿಯದೆ ನೇರ ನನ್ನನ್ನು ನೋಡುತ್ತಿದ್ದರು. "ಒತ್ತಲೇ," ಎಂದರು. "ಆಕಿ ಹಿಂಗ ಇರ್ಲಿ." ಒತ್ತಿದೆ. ನನ್ನ ಮದುವೆಯ ಫೋಟೋ ಅದು. ನಾನು ತೆಗೆದ ಒಂದೇ ಒಂದು.

ಒಳ್ಳೆಯ ಫೋಟೋ. ಬೆಳಕು, ಅಂತರ, ಹಾರಗಳ ಬಣ್ಣ, ಎಲ್ಲ ಸರಿ ಕೂತಿದ್ದವು. ಮಾಲೀಕರ ಯಾವ ಚಿತ್ರದಲ್ಲೂ ಅಜ್ಜಿ ಮದುಮಕ್ಕಳ ಜೊತೆ ಇರಲಿಲ್ಲ, ಇದು ಆಲ್ಬಮ್ಮಿನಲ್ಲಿ ಇರಲೇಬೇಕು ಎಂದು ಹುಡುಗಿಯ ತಂದೆ ಹಟ ಹಿಡಿದರು. ಮಾಲೀಕರು ನನ್ನನ್ನು ಹಿಂದಿನ ಕೋಣೆಯ ಕಂಪ್ಯೂಟರಿಗೆ ಕೂಡಿಸಿದರು.

"ಆಕಿ ಕಣ್ಣು ತಗಿ. ದಿನಾ ಮಾಡೋ ಕೆಲಸ."

ನಿಜ. ಸತ್ತವರ ಫೋಟೋ ಕೊಟ್ಟಾಗ ಮನೆಯವರು ಆಧಾರ್ ಕಾರ್ಡನ್ನೋ ಹಳೆಯ ಗುಂಪು ಚಿತ್ರವನ್ನೋ ತರುತ್ತಾರೆ. ಅದರಿಂದ ಕಣ್ಣು ತೆಗೆದು ಇದಕ್ಕೆ ಅಂಟಿಸುತ್ತೇನೆ. ಮದುಮಗಳಿಗೆ ಮೆಹಂದಿಯ ದಿನದ ಕಣ್ಣು ಹಾಕಿದೆ. ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ ಮಾಲೀಕರ ಹೆಸರೂ ಕಾಮಾಲೆ ಹತ್ತಿ ಮನೆಯಲ್ಲಿ ಮಲಗಿದ್ದವನ ಹೆಸರೂ ಬಂದವು.

ಕೆಲವು ದಿನಗಳಲ್ಲಿ ನನ್ನ ಫೋಟೋ ಇದ್ದ ಹಾಳೆ ಸ್ಟುಡಿಯೋಗೆ ವಾಪಸು ಬಂತು. ಮದುಮಗಳು ಅದನ್ನು ಆಲ್ಬಮ್ಮಿನಲ್ಲಿ ಇಡಲು ಒಪ್ಪಿರಲಿಲ್ಲ. ಮಧ್ಯದಲ್ಲಿ ಕತ್ತರಿಯಿಂದ ಕುರ್ಚಿ ಸಮೇತ ಅಜ್ಜಿಯನ್ನು ಕತ್ತರಿಸಿ ತೆಗೆದುಕೊಂಡಿದ್ದರು. ಅಲ್ಲಿದ್ದ ಖಾಲಿಯ ಆಚೆ ಈಚೆ ಹಲ್ಲು ಬಿಟ್ಟ ಮದುಮಗ, ನಾನು ಕಣ್ಣು ತೆರೆಸಿದ ಮದುಮಗಳು. ತಾಯಿ ಫೋನಿನಲ್ಲಿ ಹೇಳುತ್ತಿದ್ದುದು ಸ್ಪೀಕರಿನಲ್ಲಿ ನನಗೂ ಕೇಳಿಸಿತು: "ಅತ್ತೀದು ಇಟ್ಕೊಂಡೀವ್ರಿ ಅಣ್ಣಾರ. ಆದ್ರ ಅದು ಸಣ್ಣದಾತು. ಗ್ವಾಡಿಗೆ ಹಾಕೋವಂಥದು ಒಂದು ಮಾಡಿಸಿ ಇಡ್ರಿ. ಆಕಿ ಇನ್ನೂ ಅದಾಳ, ತಿಳೀಬಾರ್ದು. ಹುಡುಗೀದು ನಮಗ ಬ್ಯಾಡ."

ಮಾಲೀಕರು ಫೋನ್ ಇಟ್ಟು ನನ್ನ ಕಡೆ ನೋಡಿದರು. "ಫೈಲ್ ಐತೇನಲೇ?"

"ಐತ್ರಿ."

"ಮುದುಕೀದು ಅಷ್ಟ ಇಟ್ಕೊ. ಉಳಿದಿದ್ದು ತಗದ್ಬಿಡು."

ನಾನು ಮೊದಲು ಮದುಮಗನನ್ನು ತೆಗೆದೆ, ಆಮೇಲೆ ಮದುಮಗಳನ್ನು. ಅಜ್ಜಿಯ ಹೆಗಲ ಮೇಲೆ ಅವಳ ಕೈ ಇತ್ತು. ಅದನ್ನು ಬೆರಳು ಬೆರಳಾಗಿ ಅಳಿಸಬೇಕಾಯಿತು. ಹಿಂದಿನ ಕೋಟೆಯ ಗೋಡೆ ತೆಗೆದು ನೀಲಿ ತುಂಬಿದೆ. ಅಜ್ಜಿಯ ಕಣ್ಣಿಗೆ ಏನೂ ಮಾಡುವ ಕೆಲಸವಿರಲಿಲ್ಲ.