ಓಣಿಯ ಬಾಯಲ್ಲಿ ಬಲೂನು ಕಮಾನು

ಬಲೂನಕ್ಕನಿಗೆ ಆ ಹೆಸರು ಬಿದ್ದದ್ದು ಕಸುಬಿನಿಂದ. ದೊಡ್ಡ ಮನೆಗಳ ಮಕ್ಕಳ ಹುಟ್ಟುಹಬ್ಬಕ್ಕೆ ಬಲೂನು ಊದಿ, ಗೊಂಚಲು ಕಟ್ಟಿ, ಬಾಗಿಲ ತುಂಬ ಕಮಾನು ನಿಲ್ಲಿಸುವುದು ಅವಳ ಕೆಲಸ. ಕೇಕು ಕತ್ತರಿಸಿ, ಫೋಟೋ ಮುಗಿದು, ಮಕ್ಕಳು ಬೇಜಾರಾಗಿ ಫೋನು ಹಿಡಿದು ಕೂತ ಮೇಲೆ, ಕಟ್ಟಿದ್ದನ್ನೆಲ್ಲ ಸೂಜಿಯಿಂದ ಒಡೆಯುವುದೂ ಅವಳದೇ ಕೆಲಸ. ಬೆಳಗ್ಗೆಯಿಂದ ಊದಿದ್ದು ನೋಡನೋಡುತ್ತಲೇ ಕಸದ ಚೀಲ ಸೇರುತ್ತಿತ್ತು.

ಎಲ್ಲರ ಮನೆಗೂ ಕಮಾನು ಕಟ್ಟುವ ಅಮ್ಮ ತನಗೇಕೆ ಕಟ್ಟುವುದಿಲ್ಲ ಎಂದು ಮಗಳು ವಾರದಿಂದ ಪ್ರಾಣ ತಿನ್ನುತ್ತಿದ್ದಳು. ಐದಕ್ಕೆ ಕಾಲಿಡುತ್ತಿದ್ದ ಅವಳನ್ನು ಓಣಿಯವರು ಮೆಣಸಿನಕಾಯಿ ಅಂತಲೇ ಕರೆಯುತ್ತಿದ್ದರು. ಗೋಡೆಗೆ ನಾಲ್ಕು ಬಲೂನು ಅಂಟಿಸುತ್ತೇನೆ ಎಂದರೆ ಮೂತಿ ತಿರುವಿದಳು. ಅವಳಿಗೆ ಕಮಾನಿನಡಿ ನಡೆದು ಬರಬೇಕಂತೆ. ಆಯ್ತು ಎಂಬ ಮಾತು ಬಲೂನಕ್ಕನ ಬಾಯಿಂದ ಜಾರಿಬಿಟ್ಟಿತ್ತು. ಮಗಳ ಹುಟ್ಟುಹಬ್ಬ ಬಂದೇ ಬಂತು. ಬಲೂನಕ್ಕ ಮಾತ್ರ ಅಂದೂ ಬೇರೆ ಮಗುವಿಗೆ ಕಮಾನು ಕಟ್ಟುತ್ತಿದ್ದಳು.

ಸಂಜೆ ಸೂಜಿ ಎತ್ತುವಷ್ಟರಲ್ಲಿ ಮನೆಯೊಡತಿ ಓಡಿ ಬಂದಳು. ಅವಳ ಕೈಕೂಸು ಆಗಷ್ಟೇ ನಿದ್ದೆ ಹೋಗಿತ್ತು.

"ದಯವಿಟ್ಟು ಒಡೀಬೇಡಿ. ಇದು ಎದ್ರೆ ಮುಗೀತು ನನ್ನ ಕಥೆ. ಹಾಗೇ ಎತ್ಕೊಂಡು ಹೋಗ್ಬಿಡಿ."

"ಹಾಗೇ ಅಂದ್ರೆ, ಇಡೀ ಕಮಾನಾ?"

"ಇಡೀದು. ಸದ್ದಿಲ್ದೆ."

ಬಲೂನಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಗಂಡನಿಂದ ಕೈಗಾಡಿ ತರಿಸಿದಳು. ಕಮಾನನ್ನು ಅದರ ಮೇಲೆ ಕಟ್ಟಿ ತಳ್ಳಿಕೊಂಡು ಹೊರಟರೆ, ಅಗಲ ಬೀದಿಗಳಲ್ಲಿ ಕಾರುಗಳೇ ದಾರಿ ಬಿಟ್ಟವು. ಗಂಡ ಮದುಮಗನ ಹಾಗೆ ಎದೆ ಉಬ್ಬಿಸಿ ನಡೆದ. ಗಾಳಿ ಬೀಸಿದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು.

ಒಂದೂ ಒಡೆಯಲಿಲ್ಲ. ಆದರೆ ಅವರ ಓಣಿಯಲ್ಲಿ ಒಬ್ಬರು ಗೋಡೆಗೆ ಒರಗಿದರೆ ಮಾತ್ರ ಇನ್ನೊಬ್ಬರಿಗೆ ದಾರಿ. ಓರೆ ಮಾಡಿ ಒಳಗೆ ತೂರಿಸಿದರೆ ದೊಡ್ಡ ಮನೆಯ ಅಳತೆಯ ಕಮಾನು ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಿತು. ಎರಡು ತುಂಡು ಮಾಡೋಣವೇ ಎಂದ ಗಂಡನನ್ನು ಅವಳು ಸುಡುವಂತೆ ನೋಡಿದಳು. ಮತ್ತೆ ಹಿಂದಕ್ಕೆಳೆದು ಓಣಿಯ ಬಾಯಲ್ಲಿ ಇಟ್ಟು, ಈಗ ಮಗಳಿಗೆ ಏನು ಹೇಳಲಿ ಎಂದು ತಲೆಯ ಮೇಲೆ ಕೈ ಹೊತ್ತಳು.

ಅಷ್ಟರಲ್ಲಿ ಮೆಣಸಿನಕಾಯಿಯೇ ಓಡಿ ಬಂದಳು. ಅಮ್ಮನ ಸಮಜಾಯಿಷಿಯನ್ನು ಅರ್ಧವೂ ಕೇಳಲಿಲ್ಲ.

"ಇಲ್ಲೇ ನಿಲ್ಸಮ್ಮ. ಎಲ್ರೂ ಇದ್ರಡೀಲೇ ಬರ್ಲಿ."

ಕೆಲಸ ಬಿಟ್ಟು ಬರುವ ಹೊತ್ತು. ಹೊಲಿಗೆ ಕಾರ್ಖಾನೆಯ ಹೆಂಗಸರು ಮುಸಿಮುಸಿ ನಗುತ್ತ ನಡೆದು ಬಂದರು. ಗಾರೆ ಕೆಲಸದ ಎತ್ತರದ ಮಾವ ತಲೆ ಎಲ್ಲಿ ತಗುಲೀತೋ ಎಂದು ಬಗ್ಗಿ ಬಂದರೆ, ಮೆಣಸಿನಕಾಯಿ ತಡೆದಳು.

"ಬಗ್ಗಿದ್ರೆ ಆಗಲ್ಲ ಮಾವ. ಹಿಂದೆ ಹೋಗಿ ನೆಟ್ಟಗೆ ಬಾ."

ಅವನು ನಿಜಕ್ಕೂ ಹಿಂದೆ ಹೋಗಿ, ತಲೆಗೂದಲು ಕೊಡವಿ, ನೆಟ್ಟಗೆ ಬಂದ. ಪಕ್ಕದ ಮನೆಯ ಅತ್ತೆ ನೀರಿನ ಜಗಳದಿಂದ ಬಲೂನಕ್ಕನೊಂದಿಗೆ ಮಾತು ಬಿಟ್ಟಿದ್ದವಳು. ಒಮ್ಮೆ ದಾಟಿದವಳು ಏನೋ ಮರೆತವಳಂತೆ ಹೊರಗೆ ಹೋಗಿ ಮತ್ತೆ ಬಂದಳು.

"ಎರಡ್ಸಲ ಆಯ್ತಲ್ಲ ಅತ್ತೆ," ಎಂದಳು ಬಲೂನಕ್ಕ.

"ಮೊದಲ್ನೇದು ಸರಿಯಾಗಿ ಗೊತ್ತಾಗ್ಲಿಲ್ಲ ಕಣೇ."

ಓಣಿಗೆ ಓಣಿಯೇ ನಕ್ಕಿತು. ಮಗಳೇ ಇನ್ನೂ ಕಮಾನಿನಡಿ ನಡೆದಿಲ್ಲವೆಂಬುದು ಬಲೂನಕ್ಕನಿಗೆ ಹೊಳೆದದ್ದು ಆಗಲೇ. ಕೈ ಹಿಡಿದು ಕರೆದಳು. ಮೆಣಸಿನಕಾಯಿ ಕೈ ಬಿಡಿಸಿಕೊಂಡು ಬೀದಿಯತ್ತ ಕತ್ತು ಚಾಚಿದಳು.

"ಇರಮ್ಮ, ಇನ್ನೂ ಜನ ಬರ್ತಿದ್ದಾರೆ."